ನೆರೆಮನೆಯ ಅರ್ಧ ಕಿಲೋಮೀಟರು

ಹೊಟ್ಟೆಕಿಚ್ಚು ದೊಡ್ಡ ಸಂಗತಿಗಳಿಗಾಗಿ ಹುಟ್ಟುತ್ತದೆ ಎಂದು ತಿಳಿದವರು ಅದನ್ನು ಸರಿಯಾಗಿ ಅಭ್ಯಾಸ ಮಾಡಿದವರಲ್ಲ. ಯಾರೋ ಮಂತ್ರಿಯಾದರು, ಇನ್ಯಾರೋ ದುಬೈಯಲ್ಲಿ ಏಳು ಮಹಡಿ ಕಟ್ಟಿಸಿದರು ಎಂದು ಪತ್ರಿಕೆಯಲ್ಲಿ ಓದಿ ಊಟ ಬಿಟ್ಟ ಗೃಹಸ್ಥನನ್ನು ನಾನು ಕಂಡಿಲ್ಲ. ಅದೇ ಗೃಹಸ್ಥನ ಪಕ್ಕದ ಮನೆಯ ತೆಂಗಿನ ಮರದಲ್ಲಿ ಈ ಬಾರಿ ಒಂದು ಗೊನೆ ಹೆಚ್ಚು ಬಿಡಲಿ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಈ ಕಿಚ್ಚು ಹತ್ತಬೇಕಾದರೆ ಎದುರಿನವನು ಹೆಚ್ಚುಕಡಿಮೆ ನಮ್ಮಂತೆಯೇ ಇರಬೇಕು, ನಮ್ಮ ಹತ್ತಿರವೇ ಇರಬೇಕು, ಮತ್ತು ನಮಗಿಂತ ಸ್ವಲ್ಪವೇ ಸ್ವಲ್ಪ ಮುಂದಿರಬೇಕು. ನನ್ನ ವಿಷಯದಲ್ಲಿ ಈ ಸ್ವಲ್ಪ ಎಂಬುದು ಅರ್ಧ ಕಿಲೋಮೀಟರು. ನೆರೆಮನೆಯ ಲಾರೆನ್ಸರ ಕಾರು ಒಂದು ಲೀಟರು ಡೀಸೆಲಿಗೆ ನನ್ನ ಕಾರಿಗಿಂತ ಅರ್ಧ ಕಿಲೋಮೀಟರು ಹೆಚ್ಚು ಓಡುತ್ತಿತ್ತು. ಆ ಅರ್ಧ ಕಿಲೋಮೀಟರನ್ನು ದಾಟುವುದಕ್ಕೆ ನಾನು ಎರಡು ವರ್ಷ ಪ್ರಯಾಣ ಮಾಡಿದೆ.

ಇದು ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಆಗ ನಾನು ಕಾಪುವಿನಲ್ಲಿ ಮನೆ ಮಾಡಿಕೊಂಡು ಮಣಿಪಾಲದ ಒಂದು ಕಚೇರಿಗೆ ದಿನಾ ಹೋಗಿ ಬರುತ್ತಿದ್ದೆ. ಸಣ್ಣ ಡೀಸೆಲ್ ಕಾರುಗಳು ನಮ್ಮಂಥವರ ಕೈಗೆ ಎಟಕುವಂತೆ ಬರಲು ಶುರುವಾದದ್ದೂ ಆಗಲೇ. ನಾನೂ ಲಾರೆನ್ಸರೂ ಒಂದೇ ವಾರದಲ್ಲಿ, ಒಂದೇ ಅಂಗಡಿಯಿಂದ, ಒಂದೇ ಬಗೆಯ ಬಿಳಿ ಕಾರು ತಂದೆವು. ಲಾರೆನ್ಸರು ಗಲ್ಫಿನಲ್ಲಿ ಕೆಲವು ಕಾಲ ದುಡಿದು ಬಂದವರು. ಮಣಿಪಾಲದಲ್ಲೇ ಔಷಧಿಯ ಸಗಟು ವ್ಯಾಪಾರದ ಅಂಗಡಿಯೊಂದರಲ್ಲಿ ಮ್ಯಾನೇಜರಾಗಿದ್ದರು. ನಮ್ಮ ಕಡೆ ಕ್ರೈಸ್ತ ಗೃಹಸ್ಥರನ್ನು ಗೌರವದಿಂದ ಪೊರ್ಬುಗಳು ಎನ್ನುವುದುಂಟು. ನಾನು ಅವರನ್ನು ಹಾಗೆಯೇ ಕರೆಯುತ್ತಿದ್ದೆ, ಅವರು ನನ್ನನ್ನು ರಾಯರು ಎನ್ನುತ್ತಿದ್ದರು. ಒಂದೇ ಕಾರು, ಒಂದೇ ರಸ್ತೆ, ಒಂದೇ ಹೊತ್ತು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಹದವಾದ ಭೂಮಿ ಬೇರೆಲ್ಲಿ ಸಿಕ್ಕೀತು?

ಕಾರು ತಂದ ದಿನವೇ ನಾನು ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿದ್ದೆ: ಈ ಕಾರು ನನ್ನ ಕಾಲಾನಂತರವೂ ಓಡುತ್ತಿರಬೇಕು, ಮತ್ತು ಓಡುವಷ್ಟು ಕಾಲ ಇಬ್ಬನಿ ಕುಡಿದು ಬದುಕುವ ಋಷಿಯಂತೆ ಬದುಕಬೇಕು. ಆದ್ದರಿಂದ ತಿಂಗಳು ತುಂಬುವ ಮೊದಲೇ ಕಂಪೆನಿಯವರು ಹಾಕಿ ಕೊಟ್ಟ ಟಯರುಗಳನ್ನು ಬಿಚ್ಚಿಸಿ, ಒಂದು ಅಳತೆ ದೊಡ್ಡ ಟಯರುಗಳನ್ನು ಹಾಕಿಸಿದೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಹೆಚ್ಚು ದೂರ ಹೋದರೆ ಎಂಜಿನ್ನು ಕಡಿಮೆ ತಿರುಗುತ್ತದೆ. ಕಡಿಮೆ ತಿರುಗಿದ್ದು ಹೆಚ್ಚು ಕಾಲ ಬಾಳುತ್ತದೆ. ಈ ತರ್ಕವನ್ನು ನಾನು ಯಾರಿಂದಲೂ ಕಲಿತದ್ದಲ್ಲ. ಕಚೇರಿಯಲ್ಲಿ ಒಂದು ಮಧ್ಯಾಹ್ನ, ಕಡತವೊಂದರ ಎದುರು ಕಣ್ಣುಮುಚ್ಚಿ ಕುಳಿತಿದ್ದಾಗ ತಾನಾಗಿ ಹೊಳೆದದ್ದು.

ಅಷ್ಟಕ್ಕೇ ಮುಗಿಯಲಿಲ್ಲ. ಕಾಪುವಿನ ಗಾಳಿಯಲ್ಲಿ ಉಪ್ಪುಂಟು. ಕಬ್ಬಿಣವೆಂಬುದು ಅಲ್ಲಿ ಅತಿಥಿಯಂತೆ, ಎರಡು ದಿನ ಚೆನ್ನಾಗಿರುತ್ತದೆ. ಅದಕ್ಕಾಗಿ ಪ್ರತಿ ಮಳೆಗಾಲದ ಮೊದಲು ಗ್ಯಾರೇಜಿನಿಂದ ಹಳೆಯ ಎಂಜಿನ್ ಆಯಿಲನ್ನು ಡಬ್ಬಿಯಲ್ಲಿ ತಂದು, ಕಾರಿನ ಅಡಿಯಲ್ಲಿ ಅಂಗಾತ ಮಲಗಿ, ಹಳೆಯ ಪೈಂಟ್ ಬ್ರಶ್ಶಿನಿಂದ ತಳಕ್ಕೆಲ್ಲ ಬಳಿಯುತ್ತಿದ್ದೆ. ತಳಕ್ಕೆ ಬಳಿದದ್ದರಲ್ಲಿ ಅರ್ಧ ನನ್ನ ಮುಖಕ್ಕೆ ಬರುತ್ತಿತ್ತು. ನನ್ನ ಮುಖಕ್ಕೂ ಈವರೆಗೆ ತುಕ್ಕು ಹಿಡಿದಿಲ್ಲ, ಅದು ಬೇರೆ ಮಾತು. ಒಮ್ಮೆ ಹಾಗೆ ಮಲಗಿದ್ದಾಗ ಕಾರಿನ ಬದಿಯಲ್ಲಿ ಲಾರೆನ್ಸರ ಚಪ್ಪಲಿಗಳು ಕಂಡವು.

"ಎಂತ ರಾಯರೇ, ಬೆಳಿಗ್ಗೆ ಬೆಳಿಗ್ಗೆ ಇಲ್ಲಿ ಮಲಗಿದ್ದು? ಸುಮತಿಯಮ್ಮ ಹೊರಗೆ ಹಾಕಿದ್ರಾ?"

"ತುಕ್ಕು ಹಿಡಿಯದ ಹಾಗೆ ಆಯಿಲ್ ಹೊಡೀತಾ ಇದ್ದೇನೆ, ಪೊರ್ಬುಗಳೇ. ನಿಮ್ಮದಕ್ಕೆ ಹೊಡೆಸಲಿಲ್ವಾ?"

"ನನ್ನದಕ್ಕೆ ಎಂತ ಬೇಡ ಮಾರಾಯ್ರೆ. ಡಿಕ್ಕಿಯಿಂದ ಬಂಗುಡೆ ಮೀನಿನ ನೀರು ಇಳಿದು ಇಳಿದು ತಳ ಹದ ಆಗಿ ಹೋಗಿದೆ."

ಇದೇ ನೋಡಿ ನನ್ನನ್ನು ಸುಡುತ್ತಿದ್ದದ್ದು. ಲಾರೆನ್ಸರು ಕಾರಿಗೆ ಏನನ್ನೂ ಮಾಡುತ್ತಿರಲಿಲ್ಲ. ಬಾನೆಟ್ಟು ಎಲ್ಲಿ ತೆರೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತೇ ಎಂಬುದರಲ್ಲಿ ನನಗೆ ಇಂದಿಗೂ ಸಂದೇಹವುಂಟು. ಮಲ್ಪೆಯಿಂದ ಮೀನು, ಹೆಂಡತಿಯ ತವರಿನಿಂದ ಹಲಸಿನಕಾಯಿ, ಕುಚ್ಚಲಕ್ಕಿಯ ಗೋಣಿ ಎಲ್ಲವನ್ನೂ ಅದರಲ್ಲೇ ಹೇರಿ ತರುತ್ತಿದ್ದರು. ಟಯರು ಸವೆದು ಅವರ ತಲೆಯಷ್ಟೇ ನುಣ್ಣಗಾಗಿದ್ದರೂ ಬದಲಾಯಿಸುತ್ತಿರಲಿಲ್ಲ. ನಾನೋ, ಬೆಳಿಗ್ಗೆ ಕೀಲಿ ತಿರುಗಿಸಿ, ಎಂಜಿನ್ನು ಬಿಸಿಯಾಗುವ ಸೂಚನೆಯ ಹಳದಿ ದೀಪ ಆರಿದ ಮೇಲೂ ಸಂಧ್ಯಾವಂದನೆಯ ಕೊನೆಯಂತೆ ಒಂದು ಗಳಿಗೆ ಮೌನವಾಗಿ ಕುಳಿತು, ಆಮೇಲೆ ಸ್ಟಾರ್ಟ್ ಮಾಡುವವನು. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಪ್ರತಿ ಆದಿತ್ಯವಾರ ಬಿಡುವವನು. ಕಂಪೆನಿಯವರು ಹೇಳಿದ್ದಕ್ಕಿಂತ ಎಷ್ಟೋ ಮೊದಲೇ ಆಯಿಲ್ ಬದಲಾಯಿಸುವವನು. ಭಾರ ಕಡಿಮೆಯಾಗಲೆಂದು ಹಿಂದಿನ ಸೀಟನ್ನೇ ಬಿಚ್ಚಿ ಅಟ್ಟದ ಮೇಲಿಟ್ಟವನು. ಆ ಸೀಟಿನ ವಿಷಯದಲ್ಲಿ ನನ್ನ ಹೆಂಡತಿ ಸುಮತಿ ಹೇಳಿದ್ದು ಒಂದೇ ಮಾತು: "ಮುಂದಿನದ್ದನ್ನೂ ಬಿಚ್ಚಿ. ನಾನು ಬಸ್ಸಿನಲ್ಲಿ ಬರ್ತೇನೆ, ನಿಮಗೆ ಇನ್ನೂ ಭಾರ ಕಡಿಮೆ ಆಗ್ತದೆ." ಸೀಟು ಸಂಜೆಯೊಳಗೆ ಕೆಳಗಿಳಿಯಿತು.

ಮಣಿಪಾಲದಿಂದ ಉಡುಪಿಗೆ ಒಂದು ದೊಡ್ಡ ಇಳಿಜಾರು ಉಂಟಲ್ಲ, ಅದನ್ನು ದೇವರು ನನ್ನ ಸಲುವಾಗಿಯೇ ಮಾಡಿದ್ದೆಂದು ನಾನು ನಂಬಿದ್ದೆ. ಸಂಜೆ ಕಚೇರಿಯಿಂದ ಹೊರಟು ಗೇರು ನ್ಯೂಟ್ರಲಿಗೆ ತಂದರೆ ಇಂದ್ರಾಳಿಯವರೆಗೆ ಕಾರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಹಾಗೆ ಸಂಪಾದಿಸಿದ ವೇಗವನ್ನು ಬ್ರೇಕು ಒತ್ತಿ ಕಳೆದುಕೊಳ್ಳುವುದೆಂದರೆ ನನಗೆ ಪಿತ್ರಾರ್ಜಿತ ಆಸ್ತಿಯನ್ನು ಮಾರಿದಷ್ಟು ಸಂಕಟ. ಎದುರಿನ ಆಟೋದವರು, ಸೈಕಲಿನವರು, ರಸ್ತೆ ದಾಟುವ ದನಗಳು ಎಲ್ಲರೂ ನನ್ನ ಕಣ್ಣಿಗೆ ಡೀಸೆಲ್ ಕಳ್ಳರಂತೆ ಕಾಣುತ್ತಿದ್ದರು. "ಕಡಿಯಾಳಿಯ ದೇವಸ್ಥಾನದ ಎದುರು ಅಮ್ಮನಿಗೆ ಕೈ ಮುಗಿಯುವುದಕ್ಕೂ ನಿಲ್ಲಿಸುವುದಿಲ್ಲ ಇವರು" ಎಂದು ಸುಮತಿ ನೆಂಟರಲ್ಲಿ ದೂರುತ್ತಿದ್ದಳು. ಇಷ್ಟೆಲ್ಲ ಮಾಡಿದ ಮೇಲೂ ತಿಂಗಳ ಕೊನೆಯಲ್ಲಿ ಲೆಕ್ಕ ಹಾಕಿದರೆ ನನ್ನದು ಲೀಟರಿಗೆ ಹದಿನೆಂಟೂವರೆ. ಗೇಟಿನ ಹತ್ತಿರ ಸಿಕ್ಕಿದ ಲಾರೆನ್ಸರಲ್ಲಿ, ಏನೂ ಆಸಕ್ತಿಯಿಲ್ಲದವನಂತೆ, "ನಿಮ್ಮದು ಹೇಗೆ ಓಡ್ತದೆ ಪೊರ್ಬುಗಳೇ?" ಎಂದು ಕೇಳಿದರೆ, "ಹತ್ತೊಂಬತ್ತು ಬರ್ತದೆ ಅಂತ ಕಾಣ್ತದೆ ರಾಯರೇ" ಎಂದು ಆಕಳಿಸುತ್ತಿದ್ದರು. ಆ ಹತ್ತೊಂಬತ್ತಿಗಿಂತ ಆ ಆಕಳಿಕೆ ನನಗೆ ಹೆಚ್ಚು ನೋವು ಕೊಡುತ್ತಿತ್ತು.

ಇದು ನನ್ನ ಮತ್ತು ಅವರ ನಡುವೆಯೇ ಉಳಿದಿದ್ದರೆ ಹೇಗೋ ಸಹಿಸುತ್ತಿದ್ದೆ. ನಡುವೆ ನನ್ನ ಮಾವನವರು ಬಂದರು. ಕಾರ್ಕಳದ ನನ್ನ ಮಾವ ರಸ್ತೆ ಕೆಲಸದ ಓವರ್ಸಿಯರರಾಗಿ ನಿವೃತ್ತರಾದವರು. ಸರಕಾರಿ ಜೀಪಿನಲ್ಲಿ ಓಡಾಡಿದ ದೇಹ, ನಿವೃತ್ತಿಯ ಮೇಲೆ ಬಸ್ಸಿಗೆ ಒಗ್ಗಲಿಲ್ಲ. ತಾನೂ ಒಂದು ಡೀಸೆಲ್ ಕಾರು ಕೊಳ್ಳಬೇಕೆಂದು ನಿಶ್ಚಯಿಸಿದರು. ಮನೆಯಲ್ಲಿ ಅಳಿಯನೊಬ್ಬ ಈ ವಿಷಯದಲ್ಲಿ ತಪಸ್ಸು ಮಾಡುತ್ತಿರುವಾಗ ಸಲಹೆ ಕೇಳಬೇಕಾದದ್ದು ಯಾರಲ್ಲಿ? ಆದರೆ ಲಾರೆನ್ಸರು ವರ್ಷಕ್ಕೊಮ್ಮೆ ಕಾರ್ಕಳದ ಪಕ್ಕದ ಅತ್ತೂರಿನ ಇಗರ್ಜಿಗೆ, ಎಂದರೆ ಚರ್ಚಿಗೆ, ಹೋದಾಗ ಮಾವನ ಮನೆಗೂ ಒಂದು ಗಳಿಗೆ ಹೋಗಿ, ಮಿಠಾಯಿ ಕೊಟ್ಟು ಬರುವ ಪದ್ಧತಿ ಇಟ್ಟುಕೊಂಡಿದ್ದರು. ಆ ಸಲ ಮಿಠಾಯಿಯ ಜೊತೆಗೆ ಹತ್ತೊಂಬತ್ತನ್ನೂ ಕೊಟ್ಟು ಬಂದರು.

ಮುಂದಿನ ಬಾರಿ ನಾವು ಹೋದಾಗ ಮಾವ ಜಗಲಿಯಲ್ಲಿ ಕುಳಿತು ಕೇಳಿದರು. "ಅಳಿಯಂದಿರೇ, ನಿಮ್ಮದು ಎಷ್ಟು ಓಡುವುದು?"

"ಹದಿನೆಂಟೂವರೆ, ಮಾವ."

"ಹಾಂ. ಪೊರ್ಬುಗಳದ್ದು ಹತ್ತೊಂಬತ್ತಂತೆ. ಏನೂ ಮಾಡದೆ." ಮಾವ ಎಲೆಗೆ ಸುಣ್ಣ ಹಚ್ಚಿಕೊಂಡರು. "ನೀವು ತುಂಬಾ ಮಾಡ್ತೀರಿ ಅಂತ ಸುಮತಿ ಹೇಳಿದಳು. ಇರಲಿ. ಕಾರು ತೆಗೆಯುವುದು ಅವಸರದ ಕೆಲಸ ಅಲ್ಲ. ಇಬ್ಬರದ್ದನ್ನೂ ಇನ್ನು ಸ್ವಲ್ಪ ಸಮಯ ನೋಡುವ. ಯಾರದ್ದು ಹೆಚ್ಚು ಓಡ್ತದೋ, ಅವರು ಹೇಳಿದ ಹಾಗೆ ಮಾಡುವ."

ಮಾವನ ಈ ತೀರ್ಪಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಅದೇ ಅದರ ಕ್ರೌರ್ಯ. ಮದುವೆಯಾದಂದಿನಿಂದ ಆ ಮನೆಯಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಯಾವುದಕ್ಕೂ ಕೇಳಿದ್ದಿಲ್ಲ. ಬಾವಿ ತೋಡಿಸುವಾಗ ಕೇಳಲಿಲ್ಲ, ಮಾಡಿಗೆ ಹೆಂಚು ಬದಲಾಯಿಸುವಾಗ ಕೇಳಲಿಲ್ಲ. ಕೇಳಬಹುದಾಗಿದ್ದ ಒಂದೇ ಒಂದು ವಿಷಯ ಈಗ ಬಂದಿತ್ತು, ಅದೂ ನೆರೆಮನೆಯವರ ಪಾಲಾಗುವುದರಲ್ಲಿತ್ತು. ಊರಿಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. "ಎಂತ, ಮಾತಾಡಿದರೂ ಡೀಸೆಲ್ ಖರ್ಚಾಗ್ತದಾ?" ಎಂದು ಸುಮತಿ ಕೇಳಿದಳು.

ಆಮೇಲಿನ ಕೆಲವು ತಿಂಗಳು ನಾನು ನಡೆದುಕೊಂಡ ರೀತಿ ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತೇನೆ. ಸ್ಟೆಪ್ನಿ ಟಯರನ್ನು ಮನೆಯಲ್ಲಿ ಬಿಟ್ಟು ಹೋಗತೊಡಗಿದೆ. ಉದ್ಯಾವರದ ಸೇತುವೆಯ ಹತ್ತಿರ ಪಂಕ್ಚರಾಗಿ ಲಾರೆನ್ಸರ ಸ್ಟೆಪ್ನಿಯನ್ನೇ ಹಾಕಿಕೊಂಡು ಮನೆಗೆ ಬರಬೇಕಾಯಿತು. ಎ.ಸಿ.ಯ ಬೆಲ್ಟನ್ನು ಬಿಚ್ಚಿಸಿದೆ. ಎಪ್ರಿಲ್ ತಿಂಗಳಲ್ಲಿ ಕಚೇರಿ ತಲುಪುವಾಗ ನಾನು ಆಗತಾನೆ ಸಮುದ್ರಸ್ನಾನ ಮುಗಿಸಿದವನಂತೆ ಇರುತ್ತಿದ್ದೆ. ಬಂಕಿನಲ್ಲಿ ಟ್ಯಾಂಕು ತುಂಬಿಸುವಾಗ ಡೀಸೆಲಿನ ನೊರೆಯ ಅಡಿಯಲ್ಲಿ ಜಾಗ ಉಳಿದರೆ ಲೆಕ್ಕ ತಪ್ಪುತ್ತದೆಂದು ಕಾರನ್ನು ಸೊಂಟದಿಂದ ಗುದ್ದಿ ಗುದ್ದಿ ಅಲುಗಾಡಿಸುತ್ತಿದ್ದೆ. ಅಲ್ಲಿ ಡೀಸೆಲ್ ಹಾಕುತ್ತಿದ್ದ ಬಸಪ್ಪ ಎಂಬ ಬಾಗಲಕೋಟೆ ಕಡೆಯ ಗಟ್ಟಿ ಆಳು ಮೊದಲ ಸಲ ಇದನ್ನು ನೋಡಿ ಪೈಪು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದಿದ್ದ. "ಯಾಕ್ರೀ ಸರ, ಏನಾತ್ರೀ? ಗಾಡಿ ಮ್ಯಾಲೆ ಸಿಟ್ಟೇನ್ರೀ?" ಎಂದಿದ್ದ. ಆಮೇಲೆ ಅಭ್ಯಾಸವಾಗಿ, "ನೀವು ಆ ಕಡೆ ದೂಡ್ರಿ, ನಾ ಈ ಕಡೆ ದೂಡ್ತೀನಿ" ಎಂದು ಕೈ ಕೂಡಿಸತೊಡಗಿದ. ಇಷ್ಟಾದರೂ ಹದಿನೆಂಟೂವರೆ ಹದಿನೆಂಟೂವರೆಯಾಗಿಯೇ ಉಳಿಯಿತು. ಲಾರೆನ್ಸರದ್ದು ಒಂದು ದಿನ ಹತ್ತೊಂಬತ್ತಾಗಿ, ಇನ್ನೊಂದು ದಿನ "ಹತ್ತೊಂಬತ್ತಕ್ಕಿಂತ ಒಂಚೂರು ಮೇಲೆ" ಆಯಿತು. ಅವರ ಟಯರು ಸವೆದಂತೆಲ್ಲ ಅವರ ಅಂಕಿ ಬೆಳೆಯುತ್ತಿತ್ತು. ಸೋಮಾರಿತನಕ್ಕೆ ಬಹುಮಾನ ಕೊಡುವ ಈ ಪ್ರಪಂಚದ ಬಗ್ಗೆ ನನಗೆ ವೈರಾಗ್ಯ ಬರುವುದರಲ್ಲಿತ್ತು.

ಹೀಗಿರುವಾಗ ಮಾವ ಎರಡು ದಿನಕ್ಕೆಂದು ಕಾಪುವಿಗೆ ಬಂದರು. ಸೋಮವಾರ ಯಾವುದೋ ರಜೆ. ನಾನೇ ಅವರನ್ನು ಕಾರ್ಕಳಕ್ಕೆ ಬಿಟ್ಟು ಬರಲು ಹೊರಟೆ. ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಕಾರ್ಕಳದ ರಸ್ತೆಗೆ ತಿರುಗಿದ್ದೇ ಮಾವ ನೆಟ್ಟಗೆ ಕುಳಿತರು. ಅದು ಅವರ ಕಾಲದಲ್ಲಿ ಅವರ ಸುಪರ್ದಿನಲ್ಲಿದ್ದ ರಸ್ತೆ. ಅದರ ಕಿಲೋಮೀಟರು ಕಲ್ಲುಗಳಲ್ಲಿ ಹೆಚ್ಚಿನವು ಅವರು ಎದುರು ನಿಂತು ನೆಡಿಸಿದವು. ಬೇರೆಯವರು ಊರಿನ ದೇವಸ್ಥಾನಗಳಿಗೆ ಕೈ ಮುಗಿದಂತೆ ಅವರು ಪ್ರತಿ ಕಲ್ಲಿಗೂ ಒಮ್ಮೆ ತಲೆಯಾಡಿಸುತ್ತಿದ್ದರು. ತಲೆಯಾಡಿಸಿ ನನ್ನ ಮೀಟರನ್ನು ನೋಡುತ್ತಿದ್ದರು. ಬೆಳ್ಮಣ್ಣು ದಾಟುವಾಗ ಅವರ ಹುಬ್ಬು ಗಂಟಿಕ್ಕಿತು. ನಿಟ್ಟೆ ಹತ್ತಿರ ಬಂದಾಗ, "ಅಳಿಯಂದಿರೇ, ಒಮ್ಮೆ ನಿಲ್ಲಿಸಿ" ಎಂದರು.

ಇಳಿದು ಹೋಗಿ ಕಲ್ಲನ್ನು ಕೈಯಿಂದ ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಬಂದು ಕಿಟಕಿಯ ಹತ್ತಿರ ನಿಂತರು.

"ಪಡುಬಿದ್ರಿಯಿಂದ ಇಪ್ಪತ್ತು ಕಲ್ಲು ಬಂದೆವು. ನಿಮ್ಮ ಮೀಟರಿನಲ್ಲಿ ಹತ್ತೊಂಬತ್ತೇ ಉಂಟು."

"ರಸ್ತೆ ಅಗಲ ಮಾಡುವಾಗ ಕಲ್ಲು ಸ್ವಲ್ಪ ಆಚೀಚೆ ಆಗಿರಬಹುದಲ್ವಾ ಮಾವ?"

ಇದನ್ನು ನಾನು ಹೇಳಬಾರದಿತ್ತು. ಮಾವ ನನ್ನನ್ನು ನೋಡಿದ ರೀತಿಯಲ್ಲಿ, ಮಗಳನ್ನು ಕೊಟ್ಟದ್ದರ ಬಗ್ಗೆ ಮರುವಿಚಾರ ಶುರುವಾದಂತಿತ್ತು. "ಈ ಕಲ್ಲು ಮೂರು ಸರಕಾರ ಬಿದ್ದರೂ ಅಲ್ಲಾಡಲಿಲ್ಲ. ಕಲ್ಲು ಸುಳ್ಳು ಹೇಳುವುದಿಲ್ಲ. ನಿಮ್ಮ ಕಾರು ಹೇಳ್ತದೆ" ಎಂದವರು ಕಾರಿಗೆ ಒಂದು ಸುತ್ತು ಬಂದರು. ಮುಂದಿನ ಚಕ್ರದ ಎದುರು ನಿಂತರು. "ಇದು ಕಾರಿನೊಟ್ಟಿಗೆ ಬಂದ ಟಯರಾ?"

"ಅಲ್ಲ ಮಾವ. ಎಂಜಿನ್ನಿನ ಆಯುಷ್ಯಕ್ಕೆ ಒಳ್ಳೆಯದು ಅಂತ ದೊಡ್ಡದು ಹಾಕಿಸಿದ್ದು."

ಮಾವ ಬಗ್ಗಿ ಟಯರನ್ನು ಗೇಣಿನಿಂದ ಅಳೆದು ನೋಡಿದರು. ಆಮೇಲೆ, ರಸ್ತೆ ಕೆಲಸದವರಿಗೆ ಮಾತ್ರ ಸಾಧ್ಯವಾದ ತಾಳ್ಮೆಯಿಂದ, ಬಿಡಿಸಿ ಹೇಳಿದರು. ಮೀಟರಿಗೆ ರಸ್ತೆ ಕಾಣುವುದಿಲ್ಲ. ಚಕ್ರ ಎಷ್ಟು ಸುತ್ತು ಬಂತು ಎಂಬುದಷ್ಟೇ ಅದಕ್ಕೆ ಗೊತ್ತು. ಚಕ್ರ ದೊಡ್ಡದಾದರೆ ಅಷ್ಟೇ ದೂರಕ್ಕೆ ಸುತ್ತು ಕಡಿಮೆ. ಸುತ್ತು ಕಡಿಮೆಯಾದರೆ ಮೀಟರು ಕಡಿಮೆ ಬರೆಯುತ್ತದೆ. ಎರಡು ವರ್ಷದಿಂದ ನಾನು ಇಪ್ಪತ್ತು ಓಡಿಸಿ ಹತ್ತೊಂಬತ್ತು ಎಂದು ಬರೆಸಿಕೊಳ್ಳುತ್ತಿದ್ದೆ. "ಪೊರ್ಬುಗಳದ್ದು ಇದರ ಉಲ್ಟಾ" ಎಂದರು ಮಾವ. "ಅವರ ಟಯರು ಸವೆದು ಸಣ್ಣ ಆಗಿದೆ. ಸುತ್ತು ಹೆಚ್ಚು. ಓಡದ ದೂರವನ್ನೂ ಬರೆಯುವ ಮೀಟರು ಅದು." ಆ ಹೊತ್ತಿನಲ್ಲಿ ನನಗೆ ಆದ ಆನಂದವನ್ನು ವರ್ಣಿಸುವುದು ಕಷ್ಟ. ನಿಟ್ಟೆಯ ಆ ಕಲ್ಲನ್ನು ತಬ್ಬಿಕೊಳ್ಳೋಣ ಎನ್ನಿಸಿತು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ನೋಡುತ್ತಿದ್ದರೆಂದು ಸುಮ್ಮನಿದ್ದೆ.

ಆದರೆ ಮಾವ ಲೆಕ್ಕವನ್ನು ಕಾಗದದ ಮೇಲೆ ನಂಬುವ ಜಾತಿಯವರಲ್ಲ. ಮುಂದಿನ ಆದಿತ್ಯವಾರ ಎರಡೂ ಕಾರುಗಳು ಕಾಪುವಿನ ಬಂಕಿನಲ್ಲಿ ಟ್ಯಾಂಕು ತುಂಬಿಸಿಕೊಂಡು ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಹಿಂದೆ ಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿಕೊಳ್ಳಬೇಕು ಎಂದು ಅಪ್ಪಣೆ ಮಾಡಿದರು. "ದೂರ ಇಬ್ಬರಿಗೂ ಒಂದೇ. ಯಾವುದು ಕಡಿಮೆ ಕುಡಿಯಿತು ನೋಡಿದರೆ ಆಯಿತು. ಮೀಟರು ಯಾಕೆ?" ಇಷ್ಟು ಸರಳವಾದ ಉಪಾಯ ಎರಡು ವರ್ಷದಲ್ಲಿ ನನಗೇಕೆ ಹೊಳೆಯಲಿಲ್ಲವೋ ತಿಳಿಯದು. ಹೊಟ್ಟೆಯಲ್ಲಿ ಕಿಚ್ಚು ಇರುವಾಗ ಹೊಗೆಯೆಲ್ಲ ತಲೆಗೇ ಹೋಗುತ್ತದೆ ಎಂದು ಕಾಣುತ್ತದೆ.

ಲಾರೆನ್ಸರು ಒಂದು ಮಾತೂ ಎದುರಾಡದೆ ಒಪ್ಪಿದರು. ಅತ್ತೂರಿಗೆ ಹೋಗದೆ ಬಹಳ ದಿನವಾಗಿತ್ತಂತೆ. ಹೆಂಡತಿಯನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೊರಡುವವರಿದ್ದರು. ಇದಕ್ಕೆಂದೇ ಹಿಂದಿನ ದಿನ ಕಾಪುವಿಗೆ ಬಂದಿದ್ದ ಮಾವ ತಡೆದು, ಹೋಗುವಾಗ ಆ ಅತ್ತೆಯ ಬದಲಿಗೆ ಅವರ ಕಾರಿನಲ್ಲಿ ತಾವು ಕುಳಿತು, ಬರುವಾಗ ನಾನೂ ಸುಮತಿಯೂ ಇದ್ದ ಕಾರಿನಲ್ಲಿ ಕುಳಿತು ಭಾರವನ್ನು ಸರಿದೂಗಿಸಿದರು. ಸಂಜೆ ಬಂಕಿನಲ್ಲಿ ಬಸಪ್ಪ ಎರಡೂ ಕಾರುಗಳನ್ನು ನಿಷ್ಪಕ್ಷಪಾತವಾಗಿ ಗುದ್ದಿ ತುಂಬಿಸಿದ. ಲಾರೆನ್ಸರ ಕಾರು ನನ್ನದಕ್ಕಿಂತ ಹೆಚ್ಚು ಕುಡಿದಿತ್ತು. ಬಹಳವೇನಲ್ಲ, ಒಂದು ಚೊಂಬಿನಷ್ಟು. ನನಗೆ ಒಂದು ಚೊಂಬು ಸಾಕಾಗಿತ್ತು. "ನಿಮ್ದ ಗೆದ್ದತ್ರೀ ಸರ" ಎಂದ ಬಸಪ್ಪ, ಕುಸ್ತಿ ಮುಗಿಸಿದವನಂತೆ ಬೆವರು ಒರೆಸಿಕೊಳ್ಳುತ್ತ. ನಾನು ಲಾರೆನ್ಸರ ಮುಖವನ್ನೇ ನೋಡಿದೆ. ಎರಡು ವರ್ಷ ನಾನು ಕಾದದ್ದು ಆ ಮುಖದಲ್ಲಿ ಒಂದು ಸಣ್ಣ ನೆರಳು ಹಾದುಹೋಗುವುದನ್ನು ನೋಡಲಿಕ್ಕೆ. "ಒಳ್ಳೆದಾಯ್ತು ರಾಯರೇ, ನೀವು ಅಷ್ಟು ಕಷ್ಟ ಪಡ್ತೀರಿ" ಎಂದು ಅವರು ಮನಸಾರೆ ನನ್ನ ಬೆನ್ನು ತಟ್ಟಿ, ಹೆಂಡತಿಗೆ ಐಸ್‌ಕ್ರೀಮ್ ಕೊಡಿಸಲು ಹೋದರು.

ಅವರು ಉರಿಯದಿದ್ದರೆ ಹೋಗಲಿ, ಮಾವನ ಸಲಹೆಗಾರನ ಪಟ್ಟವಾದರೂ ನನಗೆ ಖಾಯಮಾಯಿತಲ್ಲ. ಮನೆಗೆ ಬಂದು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, ಹೊಸ ಕಾರು ತೆಗೆದ ಮೇಲೆ ಮೊದಲು ಮಾಡಬೇಕಾದ ಸಂಸ್ಕಾರಗಳನ್ನು ಒಂದೊಂದಾಗಿ ಹೇಳತೊಡಗಿದೆ. ಮಾವ ಕಣ್ಣುಮುಚ್ಚಿ ಪೂರ್ತಿ ಕೇಳಿದರು. ನನ್ನ ಮಾತನ್ನು ಆ ಮನುಷ್ಯ ಪೂರ್ತಿ ಕೇಳಿದ್ದು ಅದೇ ಮೊದಲು.

"ನೀವು ಹೇಳುವುದೆಲ್ಲ ಸರಿ" ಎಂದರು ಕೊನೆಗೆ. "ಆದರೆ ಇದೆಲ್ಲ ಮಾಡಿ ಒಂದು ಕಾರನ್ನು ಹದಕ್ಕೆ ತರಲು ಎರಡು ವರ್ಷ ಬೇಕು. ನನ್ನ ಪ್ರಾಯದವನಿಗೆ ಕರು ಸಾಕುವುದಕ್ಕಿಂತ ಹಾಲು ಕೊಡುವ ದನವನ್ನೇ ಕಟ್ಟುವುದು ಒಳ್ಳೆಯದಲ್ವಾ? ನಿಮ್ಮದನ್ನೇ ನನಗೆ ಕೊಟ್ಟುಬಿಡಿ. ನೀವು ಪ್ರಾಯದವರು. ಇನ್ನೊಂದು ತೆಗೆದು ತಯಾರು ಮಾಡಿ."

ನಾನು ಸುಮತಿಯ ಕಡೆ ನೋಡಿದೆ. ಹೆಂಡತಿ ಗಂಡನ ಪಕ್ಷ ವಹಿಸಬೇಕಾದ ಗಳಿಗೆಗಳಲ್ಲಿ ಇದೂ ಒಂದು ಎಂದು ಕಣ್ಣಿನಲ್ಲೇ ಹೇಳಿದೆ. ಅವಳು ಆಗಲೇ ಒಳಗೆ ಹೋಗಿ, ಮೊಳೆಯಿಂದ ಕಾರಿನ ಕೀಲಿ ತೆಗೆದು, ಅಪ್ಪನ ಕೈಗೆ ಕೊಡುವ ಮೊದಲು ಅದಕ್ಕೆ ಒಂದು ಚಿಟಿಕೆ ಅರಸಿನ ಕುಂಕುಮ ಹಚ್ಚುತ್ತಿದ್ದಳು. ಮಾವ ಕೊಟ್ಟ ಬೆಲೆ ನ್ಯಾಯವಾದದ್ದೇ. ಹೆಂಡತಿಯ ಅಪ್ಪನೊಡನೆ ಚೌಕಾಸಿ ಮಾಡಿ ಬದುಕಿದವನ ಕಥೆ ನಾನೆಲ್ಲೂ ಕೇಳಿಲ್ಲ.

ಹೊಸ ಕಾರು ಬುಕ್ ಮಾಡಿ ಕಾಯುತ್ತಿದ್ದ ಆ ದಿನಗಳಲ್ಲಿ ನಾನು ಲಾರೆನ್ಸರ ಕಾರಿನ ಎಡಗಡೆಯ ಸೀಟಿನಲ್ಲಿ ಕುಳಿತು ಮಣಿಪಾಲಕ್ಕೆ ಹೋಗಿ ಬರುತ್ತಿದ್ದೆ. ಅವರು ಇಳಿಜಾರಿನಲ್ಲೂ ಗೇರಿನಲ್ಲೇ ಇಳಿಯುತ್ತಿದ್ದರು, ಬೇಕೆಂದಲ್ಲಿ ಬ್ರೇಕು ಒತ್ತುತ್ತಿದ್ದರು, ಎ.ಸಿ. ಹಾಕುತ್ತಿದ್ದರು. ಕಾರಿನ ತುಂಬ ಮೊನ್ನೆಯ ಬಂಗುಡೆಯ ವಾಸನೆ. ಮಾವನವರ ಫೋನು ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಕಾರಿನ ಲೆಕ್ಕ ಅವರು ಮೀಟರಿನಲ್ಲಿ ಹೇಳುತ್ತಿರಲಿಲ್ಲ, ಕಲ್ಲಿನಲ್ಲಿ ಹೇಳುತ್ತಿದ್ದರು. ಅದು ಪ್ರತಿ ಸಲವೂ ನನ್ನ ಕಾಲದ್ದಕ್ಕಿಂತ ಒಂದಿಷ್ಟು ಮೇಲಿರುತ್ತಿತ್ತು. ಒಂದು ಸಂಜೆ ಕಡಿಯಾಳಿಯ ಹತ್ತಿರ ನಮ್ಮ ಪಕ್ಕದಿಂದಲೇ ಒಂದು ಬಿಳಿ ಕಾರು ಮೆಲ್ಲಗೆ, ಸದ್ದಿಲ್ಲದೆ, ಹಂಸದಂತೆ ತೇಲಿ ಮುಂದೆ ಹೋಯಿತು. ಒಳಗೆ ಮಾವ. ನಮ್ಮನ್ನು ನೋಡಿ ಕೈ ಎತ್ತಿದರು, ಬ್ರೇಕು ಮಾತ್ರ ಒತ್ತಲಿಲ್ಲ.

ಲಾರೆನ್ಸರು ಅದು ಕಣ್ಮರೆಯಾಗುವವರೆಗೂ ನೋಡಿದರು. ಆಮೇಲೆ ಒಂದು ದೀರ್ಘ ನಿಟ್ಟುಸಿರು ಬಿಟ್ಟು, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಹೇಳಿದರು: "ನಿಮ್ಮ ಮಾವನ ಅದೃಷ್ಟ ಮಾರಾಯ್ರೆ. ಎಂಥ ಕಾರು ಇಟ್ಟಿದ್ದಾರೆ ನೋಡಿ. ಸುಳ್ಳು ಯಾಕೆ ಹೇಳಬೇಕು ರಾಯರೇ, ನನಗೆ ಅವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗ್ತದೆ."

ಎರಡು ವರ್ಷ ಎಣ್ಣೆ ಮೆತ್ತಿದ ಮುಖದಲ್ಲಿ ಕಾರಿನ ಅಡಿಯಲ್ಲಿ ಮಲಗಿ ನಾನು ಬೆಳೆಸಿದ ಫಸಲು ಅದು. ಕೊನೆಗೂ ಬಂದಿತ್ತು, ಬೇರೆಯವರ ಹೆಸರಿಗೆ. ಅದರ ನಿಜವಾದ ಹಕ್ಕುದಾರ ಪಕ್ಕದಲ್ಲೇ, ಬಂಗುಡೆಯ ವಾಸನೆಯಲ್ಲಿ ಕುಳಿತಿದ್ದಾನೆ ಎಂದು ಹೇಳೋಣವೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆಯೇ ಮಾತು.

"ನನಗೂ ಆಗ್ತದೆ, ಪೊರ್ಬುಗಳೇ" ಎಂದೆ.

ನಾನು ಅವರ ಸಮಾಧಾನಕ್ಕೆ ಹಾಗೆ ಹೇಳಿದೆನೆಂದು ತಿಳಿದು ಅವರು ನನ್ನ ತೊಡೆ ತಟ್ಟಿದರು.